ಒಂದೇ ಕಂಬಳಿ

“ಕೂಸನ್ನ ಎತ್ಕಂಡಾಗ ಮನಸ್ಸಿಗೆ ಹೆಂಗನ್ಸುತ್ತೆ, ಲತಾ?” ಎಂದು ಸುಮಿತ್ರಾ ಕೇಳಿದಳು.

ತವರಿನ ಆ ಚಿಕ್ಕ ಕೋಣೆಯಿಂದ ಸಾಂಬ್ರಾಣಿ ಹೊಗೆ ಇನ್ನೂ ಹೊರಗೆ ಹೋಗಿರಲಿಲ್ಲ. ಹೊಗೆಯಲ್ಲಿ ಸುಮಿತ್ರಾಳ ಮುಖ ಒಮ್ಮೆ ಹತ್ತಿರ ಬಂದಂತೆ, ಒಮ್ಮೆ ದೂರ ಸರಿದಂತೆ ಲತಾಳಿಗೆ ಕಾಣುತ್ತಿತ್ತು. ಹೆತ್ತಾಗಿನಿಂದ ಅವಳಿಗೆ ಎಲ್ಲವೂ ಹೀಗೆಯೇ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಪಕ್ಕದಲ್ಲಿದ್ದ ಕೂಸನ್ನು ಯಾರೋ ದಾರಿಹೋಕರು ಸ್ವಲ್ಪ ನೋಡಿಕೊಂಡಿರು ಎಂದು ಇಟ್ಟು ಹೋದಂತಿತ್ತು. ಎದೆಗೆ ಹಾಕು ಎಂದರೆ ಹಾಕುತ್ತಿದ್ದಳು. ಪ್ರೀತಿ ಮಾತ್ರ ಹುಟ್ಟಿರಲಿಲ್ಲ. ಇದು ಗೊತ್ತಾದರೆ ಇವಳೂ ಒಬ್ಬ ತಾಯಿಯೇ ಎಂದಾರು ಎಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಬಾಗಿಲಲ್ಲಿ ತಾಯಿ ಹುಚ್ಚಕ್ಕ ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ಖುಷಿಯಾಗುತ್ತದೆ ಎಂದು ಲತಾ ಸುಳ್ಳು ಹೇಳಿದಳು.

ಸುಮಿತ್ರಾ ಒತ್ತಾಯ ಮಾಡಲಿಲ್ಲ. ದುರ್ಗದಲ್ಲಿ ನರ್ಸಿಂಗ್ ಸಂಶೋಧನೆ ಮಾಡುತ್ತಿದ್ದ ಅವಳು, ಬಾಣಂತಿಯೂ ವಯಸ್ಸಾದವರೂ ಒಟ್ಟಿಗಿರುವ ಮನೆಗಳನ್ನು ಹುಡುಕಿಕೊಂಡು ಹಟ್ಟಿ ಹಟ್ಟಿ ಸುತ್ತುತ್ತಿದ್ದಳು. ಈಗ ಗೋಡೆಗೊರಗಿ ಕೂತಿದ್ದ ಯತ್ತಪ್ಪನ ಕಡೆ ತಿರುಗಿದಳು. ಲತಾಳಿಗೆ ತಾತ, ಹುಚ್ಚಕ್ಕನಿಗೆ ಮಾವ. ಜೋಗಿಮಟ್ಟಿಯ ತಪ್ಪಲಲ್ಲೆಲ್ಲ ಕುರಿ ಮೇಯಿಸಿದ ಜೀವ. ಈಗ ಕುರಿಯೂ ಇಲ್ಲ, ನೆನಪೂ ಇಲ್ಲ. ಉಂಡದ್ದು ಕೈ ತೊಳೆಯುವಷ್ಟರಲ್ಲಿ ಮರೆತು ಮತ್ತೆ ತಟ್ಟೆ ಕೇಳುವ ಆಸಾಮಿ. ಇವತ್ತು ಯಾವ ವಾರ ಎಂದರೆ ನಕ್ಕ. ಊರು ಯಾವುದು ಎಂದರೆ ಬೆಟ್ಟದ ಕಡೆ ಕೈ ತೋರಿಸಿದ.

“ಇವ್ರು ಯಾರು, ತಾತಾ?” ಸುಮಿತ್ರಾ ಲತಾಳನ್ನು ತೋರಿಸಿದಳು.

ಯತ್ತಪ್ಪ ಮೊಮ್ಮಗಳನ್ನು ತುಂಬ ಹೊತ್ತು ನೋಡಿದ. “ಚೊಚ್ಚಲ ಕುರಿ. ಮರೀನ ಇನ್ನೂ ಸೇರಿಸ್ಕಂಡಿಲ್ಲ,” ಎಂದ.

ಮುದುಕನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹುಚ್ಚಕ್ಕ ಸಂಕೋಚದಿಂದ ಸುಮಿತ್ರಾಳಿಗೆ ಸಮಾಧಾನ ಹೇಳತೊಡಗಿದಳು. ಆದರೆ ಲತಾ ಸೆರಗನ್ನು ಮುಖದವರೆಗೆ ಎಳೆದುಕೊಂಡಳು.

ಯತ್ತಪ್ಪ ಎದ್ದು ಬಂದು, ಹೆಗಲ ಮೇಲಿನ ಕಂಬಳಿಯನ್ನು ಲತಾಳಿಗೂ ಕೂಸಿಗೂ ಒಟ್ಟಿಗೆ ಹೊದಿಸಿದ. ಮರಿಯನ್ನು ಒದೆಯುವ ಕುರಿಯನ್ನು ಅವನು ಹಿಂದೆ ಹೀಗೇ ದಾರಿಗೆ ತರುತ್ತಿದ್ದುದು. ಗಾಳಿಯಾಡಲೆಂದು ಸುಮಿತ್ರಾ ಒಂದು ಅಂಚನ್ನು ಎತ್ತಿ ಹಿಡಿದಳು.

“ಬೈಬ್ಯಾಡ್ರಿ ಇದ್ನ. ಹೆದ್ರೈತೆ ಅಷ್ಟೇ. ಮರಿ ವಾಸ್ನೆ ಹಿಡೀಬೇಕು, ಹೊತ್ತಾಗುತ್ತೆ,” ಎಂದು ಮುದುಕ ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಕಂಬಳಿಯೊಳಗೆ ಮಬ್ಬು, ಉಣ್ಣೆಯ ವಾಸನೆ, ಹಾಲಿನ ವಾಸನೆ. ಹೊರಗಿನ ಮಾತುಗಳು ಬೆಟ್ಟದಾಚೆಯಿಂದ ಬಂದಂತೆ ಕೇಳುತ್ತಿದ್ದವು. ಯಾರ ಮುಖವೂ ಕಾಣದ ಆ ಮಬ್ಬಿನಲ್ಲಿ ಲತಾಳಿಗೆ ಧೈರ್ಯ ಬಂತು. “ಏನೂ ಅನ್ಸಲ್ಲ ಸಿಸ್ಟರ್. ಇದು ನನ್ ಕೂಸು ಅಂತ್ಲೇ ಅನ್ಸಲ್ಲ,” ಎಂದಳು. ಹೇಳುತ್ತಲೇ ಅಳು ಉಕ್ಕಿ ಬಂತು.

ಎಷ್ಟೋ ಬಾಣಂತಿಯರಿಗೆ ಹೀಗಾಗುತ್ತದೆ, ಇದು ಪಾಪವಲ್ಲ, ವಾಸಿಯಾಗುವ ಕಾಯಿಲೆ, ನಾಳೆ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಸುಮಿತ್ರಾ ಕಂಬಳಿಯ ಮೇಲಿಂದಲೇ ಅವಳ ಬೆನ್ನು ಸವರಿದಳು. ಹುಚ್ಚಕ್ಕ ಒಳಗೆ ಬಂದು ಮಗಳ ಕಾಲು ಒತ್ತತೊಡಗಿದಳು.

ಬಿಸಿಲು ಇಳಿಯಿತು. ಸುಮಿತ್ರಾ ಬಸ್ಸಿಗೆ ಹೊರಟುಹೋದಳು. ಹುಚ್ಚಕ್ಕ ಕಾಫಿ ಮಾಡಿ, ಜಗಲಿಗೆ ಬಾ ಎಂದು ಮಾವನನ್ನು ಕರೆದದ್ದು ಲತಾಳಿಗೆ ಅರೆನಿದ್ದೆಯಲ್ಲಿ ಕೇಳಿಸಿತು.

“ತಡಿಯಮ್ಮ, ಕಾಯ್ತಾ ಇದೀನಿ.”

“ಯಾರ್ನ, ಮಾವ?”

ಯತ್ತಪ್ಪ ಕಂಬಳಿಯ ಕಡೆ ನೋಡಿದ. “ಮರ್ತೋತು,” ಎಂದ. ಆದರೆ ಕೂತಲ್ಲಿಂದ ಏಳಲಿಲ್ಲ.

ಕಂಬಳಿಯೊಳಗೆ ಲತಾ ಮೆಲ್ಲಗೆ ಬಗ್ಗಿ, ಕೂಸಿನ ನೆತ್ತಿಯನ್ನು ಮೂಸಿ ನೋಡಿದಳು.