ಗಿರಿಜವ್ವನ ಸೇವಾರ್ಥ

ದಾನಿಗಳ ಸ್ವಭಾವ ಕರೆಂಟಿಗೂ, ಅದರಿಂದ ಓಡುವ ಗಾಡಿಗೂ ಇಳಿಯುತ್ತಿದ್ದ ಆ ಊರಿನಲ್ಲಿ, ಚಾರ್ಜಿಂಗ್ ಕಂಬವನ್ನು ದಾನ ಪಡೆಯುವ ಮೊದಲು ಪಾಲಿಕೆಯವರು ಅದರಿಂದ ಒಂದು ಆಟೋ ಚಾರ್ಜ್ ಮಾಡಿ ಓಡಿಸಿ ನೋಡುವುದು ವಾಡಿಕೆ. ಡ್ರಿಲ್ ಮಾಸ್ತರರ ಕಂಬದ ಆಟೋಗಳು ಸಾಲು ತಪ್ಪುತ್ತಿರಲಿಲ್ಲ. ಖಾನಾವಳಿ ನೀಲಮ್ಮನ ಕಂಬದವು ಕೈ ಮಾಡದವರ ಮುಂದೂ ನಿಂತು ಬಾಗಿಲು ತೆರೆಯುತ್ತಿದ್ದವು.

ಗಿರಿಜವ್ವನ ಕಂಬದ ಆಟೋ ಮೂರು ಸಿಗ್ನಲ್ ಹಾರಿತು. ಮದುವೆಯೂಟದಲ್ಲಿ ಎರಡನೇ ಪಂಕ್ತಿಗೆ ಎಂದೂ ಕಾದವಳಲ್ಲ ಆಕೆ.

"ಬ್ಯಾಡ್ರಿ ಅವ್ವಾರ, ಈ ಕಂಬ ತಗೊಳ್ಳಾಕ ಬರೂದಿಲ್ಲ," ಎಂದರು ಎಂಜಿನಿಯರ್ ಶೈಲಜಾ.

ಗಿರಿಜವ್ವನ ಮುಖ ಸಣ್ಣದಾಯಿತು. ಎಪ್ಪತ್ತು ವರ್ಷ ಮನೆಮಂದಿ ಬೈದ ಗುಣ, ಈಗ ಊರಿಗೂ ಬೇಡವಾಯಿತು.

ಹಿಂದೆ ನಿಂತಿದ್ದ ಆಂಬುಲೆನ್ಸ್ ಡ್ರೈವರ್ ಮೌಲಾಸಾಬ ಮುಂದೆ ಬಂದ. "ಮೇಡಂ, ಇದನ್ನ ನಮ್ಮ ಆಸ್ಪತ್ರಿ ಮುಂದ ಹಾಕ್ರಿ. ನಮ್ಮ ಗಾಡಿಗೆ ಮಾಸ್ತರ ಕಂಬದ ಕರೆಂಟು. ಒಳಗ ಪೇಷಂಟ್ ಇದ್ರೂ ಹಸಿರು ದೀಪಕ್ಕ ಕಾಯ್ಕೋತ ನಿಂದ್ರತೈತ್ರಿ!"

ವಾರದೊಳಗೆ ಕಂಬ ನೆಟ್ಟರು. ಉದ್ಘಾಟನೆಯ ಭಾಷಣ ಇನ್ನೂ ಅರ್ಧದಲ್ಲಿರುವಾಗಲೇ ಕರೆ ಬಂತು, ಹೆರಿಗೆ ನೋವಂತೆ. ಮೌಲಾಸಾಬ ಬಾಗಿಲು ಹಾಕುವ ಮೊದಲೇ, ಹೊಸ ಕಂಬದ ಕರೆಂಟು ತುಂಬಿಕೊಂಡಿದ್ದ ಗಾಡಿ ರಿಬ್ಬನ್ ಹರಿದುಕೊಂಡು ಓಡಿತು.

ಭಾಷಣ ಮುಗಿದು ಜನ ಚದುರಿದರು. ಗಿರಿಜವ್ವ ಮಾತ್ರ ಗಾಡಿ ಮರಳುವ ದಾರಿ ನೋಡುತ್ತ ಕಂಬದ ಬುಡದಲ್ಲಿ ಕೂತು, ಜನ್ಮದಲ್ಲಿ ಮೊದಲ ಸಲ, ಕಾದಳು.