ಮೂತಿ ತಗ್ಗಿಸಿದವಳು

ಕ್ಯಾಪ್ಟನ್ ಕಾಶಿನಾಥರ ಕೈಯಲ್ಲಿದ್ದ ಹಿಡಿಕೆ ಇದ್ದಕ್ಕಿದ್ದಂತೆ ಗಡಗಡ ನಡುಗಿತು. ವಿಮಾನ ವೇಗ ಕಳೆದುಕೊಂಡಿದೆ, ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ಸ್ಟಾಲ್ ಆಗುತ್ತಿದೆ ಎಂಬ ಎಚ್ಚರಿಕೆ ಅದು. ಆಗ ಹಿಡಿಕೆಯನ್ನು ಮುಂದಕ್ಕೆ ತಳ್ಳಿ ವಿಮಾನದ ಮೂತಿ ತಗ್ಗಿಸಬೇಕು. ತಗ್ಗಿಸಿದರೆ ವೇಗ ಬರುತ್ತದೆ, ವೇಗ ಬಂದರೆ ಜೀವ ಉಳಿಯುತ್ತದೆ. ಕಾಶಿನಾಥರು ಎರಡೂ ಕೈಯಿಂದ ಹಿಡಿಕೆಯನ್ನು ಎದೆಗೆಳೆದುಕೊಂಡರು. ಮೂತಿ ಇನ್ನೂ ಮೇಲೆದ್ದಿತು. ಪಕ್ಕದ ಸೀಟಿನ ಸಹಪೈಲಟ್ ತೇಜಸ್ವಿನಿ ಬೆಚ್ಚಿಬಿದ್ದು ತನ್ನ ಹಿಡಿಕೆಯನ್ನೂ ಎಳೆದಳು. ನೋಡನೋಡುತ್ತಿದ್ದಂತೆ ಕಿಟಕಿಯ ತುಂಬ ನೆಲ ಬಂತು. ಆಮೇಲೆ ಪರದೆಯೆಲ್ಲ ಕೆಂಪಾಗಿ ನಿಂತುಬಿಟ್ಟಿತು.

ಪುಣ್ಯಕ್ಕೆ ಅದು ನಿಜವಾದ ವಿಮಾನವಲ್ಲ, ಬಾಗಲೂರು ರಸ್ತೆಯ ತರಬೇತಿ ಕೇಂದ್ರದ ಸಿಮ್ಯುಲೇಟರ್. ಪೈಲಟ್‌ಗಳು ಎಷ್ಟೇ ಹಳಬರಾಗಲಿ, ವರ್ಷ ವರ್ಷ ಬಂದು ಪರೀಕ್ಷೆ ಕೊಡಬೇಕಾದ ಪೆಟ್ಟಿಗೆ. ಕಾಶಿನಾಥರ ಕೈ ಮಾತ್ರ ಇನ್ನೂ ಎಳೆಯುತ್ತಲೇ ಇತ್ತು. ಹಿಂದಿನ ಕುರ್ಚಿಯಲ್ಲಿ ಪರೀಕ್ಷೆ ನಡೆಸುತ್ತಿದ್ದ ಹೇಮಂತ, "ಬಿಡ್ರಿ ಸರ್, ಮುಗೀತು" ಎಂದ ಮೇಲೆಯೇ ಅವರು ಬಿಟ್ಟದ್ದು.

ಹೇಳಿಕೇಳಿ ಕಾಶಿನಾಥರು ಸ್ಟಾಲ್ ಪಾಠಕ್ಕೇ ಹೆಸರಾದ ಗುರುಗಳು. ಇದೇ ಪೆಟ್ಟಿಗೆಯಲ್ಲಿ ಎಷ್ಟೋ ಬ್ಯಾಚುಗಳಿಗೆ ಅದನ್ನು ಅರೆದು ಕುಡಿಸಿದವರು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಗೇಟಿನ ಸೆಕ್ಯುರಿಟಿ ಮುನೇಶನಿಗೆ ಕೈ ತೋರಿಸಿ, ನಮ್ಮ ಹುಡುಗರೇ ಕಣಯ್ಯ ಎಂದು ಬೀಗುತ್ತಿದ್ದವರು. ಅವರ ಪಾಠದಲ್ಲಿ, ಈಗ ಸ್ಟಾಲ್ ಬರುತ್ತೆ, ರೆಡಿಯಾಗಿ ಎಂದು ಮೊದಲೇ ಹೇಳುವ ಪದ್ಧತಿ. ಇವತ್ತು ಹೇಮಂತ ಹೇಳಲಿಲ್ಲ. ಆಕಾಶವೂ ಹೇಳುವುದಿಲ್ಲವಲ್ಲ.

ನಾಚಿಕೆ ಕೋಪವಾಗಲು ಎಷ್ಟು ಹೊತ್ತು ಬೇಕು? ಅವರು ತೇಜಸ್ವಿನಿಯ ಕಡೆ ತಿರುಗಿದರು.

"ನನ್ ಕೈ ತಪ್ತು, ಒಪ್ಕೋತೀನಿ. ನೀನ್ಯಾಕಮ್ಮ ಎಳೆದೆ? ಮೂತಿ ತಗ್ಗಿಸ್ಬೇಕು ಅಂತ ಗೊತ್ತಿರ್ಲಿಲ್ವ?"

ಯಲಹಂಕದ ಈ ಹುಡುಗಿ ಅವರೆದುರು ಎಂದೂ ದನಿ ಎತ್ತಿದವಳಲ್ಲ. ಇವತ್ತೂ ಎತ್ತಲಿಲ್ಲ.

"ಗೊತ್ತಿತ್ತು ಸರ್. ನಿಮ್ ಹತ್ರ ಕಲಿಯೋಕೆ ಬಂದಾಗ ಮೊದಲ್ನೇ ಸಲ ತಗ್ಗಿಸಿದ್ದೆ. ನೀವೇ ಫೇಲ್ ಮಾಡಿದ್ರಿ."

ಕಾಶಿನಾಥರಿಗೆ ಎಲ್ಲ ನೆನಪಾಯಿತು. ಹಿಡಿಕೆ ನಡುಗಿದ್ದೇ ತಡ, ಆ ಹೊಸ ಹುಡುಗಿ ಅದನ್ನು ಮುಂದಕ್ಕೆ ತಳ್ಳಿ ವಿಮಾನ ಉಳಿಸಿಕೊಂಡಿದ್ದಳು. ಆದರೆ ಎತ್ತರ ಕಳೆದುಕೊಂಡಿದ್ದಳು, ಎತ್ತರ ಕಳೆದರೆ ಮಾರ್ಕ್ಸ್ ಕಳೆಯುವುದು ಆಗಿನ ನಿಯಮ. ಬಾಗಲೂರಿನ ದ್ರಾಕ್ಷಿ ತೋಟದಲ್ಲಿ ಇಳಿಸ್ತೀಯೇನಮ್ಮ, ಹಿಂದೆ ಕೂತವರ ಕಾಫಿ ಲೋಟ ಅಲುಗಬಾರದು ಎಂದು ಇಡೀ ಬ್ಯಾಚಿನ ಮುಂದೆ ಹಂಗಿಸಿ ನಗಿಸಿದ್ದರು. ಇಂಜಿನ್ ಜೋರು ಮಾಡಿ, ಮೂತಿ ಎತ್ತಿಹಿಡಿದು, ಒಂದಿಷ್ಟೂ ಕೆಳಗಿಳಿಯದೆ ದಾಟುವವರೆಗೆ ಮತ್ತೆ ಮತ್ತೆ ಮಾಡಿಸಿದ್ದರು. ಹೇಳಿ ಬರಿಸಿದ ಅರೆಬರೆ ಸ್ಟಾಲಿನಲ್ಲಿ ಅದೂ ನಡೆದುಹೋಗುತ್ತಿತ್ತು. ಕೊನೆಗೊಮ್ಮೆ ಹಾಗೆಯೇ ದಾಟಿದಾಗ ಶಭಾಷ್ ಎಂದಿದ್ದರು.

"ನಿನ್ ಜೊತೆ ಇದ್ದೋರು?" ಎಂದು ಕೇಳಿದರು.

"ನನಗಾಗಿದ್ದು ನೋಡಿದ್ಮೇಲೆ ಯಾರೂ ತಗ್ಗಿಸ್ಲಿಲ್ಲ ಸರ್. ಎಲ್ರಿಗೂ ಫುಲ್ ಮಾರ್ಕ್ಸ್ ಕೊಟ್ರಿ. ಈಗ ದಿನಾ ಹಾರಿಸ್ತಿದಾರೆ."

ಕಾಶಿನಾಥರು ಹೇಮಂತನ ಮುಖ ನೋಡಿದರು. ಹೇಳದೆ ಕೊಡುವ ಈ ಹೊಸ ಪರೀಕ್ಷೆ ಈ ವಾರವಷ್ಟೇ ಶುರುವಾಗಿದೆ, ಉಳಿದವರ ಸರದಿ ಬರಲು ವರ್ಷವಾದರೂ ಬೇಕು ಎಂದು ಅವನು ಮೆಲ್ಲಗೆ ಹೇಳಿದ.

ಹೊರಗೆ ಚುರುಗುಟ್ಟುವ ಬಿಸಿಲು. ಕಾಶಿನಾಥರು ಗೇಟಿನ ಕಂಬ ಹಿಡಿದು ನಿಂತರು. ಅಷ್ಟರಲ್ಲಿ ವಿಮಾನವೊಂದು ತಲೆಯ ಮೇಲೆಯೇ ಮೂತಿ ಎತ್ತಿ ಏರತೊಡಗಿತು. ಮುನೇಶ ಎಂದಿನಂತೆ ಅವರ ಮಾತಿಗೆ ಕಾದ. ಆಮೇಲೆ ತಾನೇ ಮೇಲಕ್ಕೆ ಕೈ ತೋರಿಸಿ ನಗುತ್ತ ಕೇಳಿದ:

"ನಿಮ್ ಉಡುಗ್ರೇ ಅಲ್ವ ಸಾ?"