ತಟ್ಟೆ ಕುಸಿದ ಟವರು

ಫ್ಯಾಕ್ಟರಿಯಲ್ಲಿ ಆವಿಯನ್ನೂ ದ್ರವವನ್ನೂ ಬೇರ್ಪಡಿಸುವ ಟವರು ಉಕ್ಕಿ, ಇಬ್ಬರು ಕೆಲಸಗಾರರಿಗೆ ಸುಟ್ಟ ಗಾಯಗಳಾಗಿದ್ದವು. ದ್ರವವನ್ನು ಹೆಚ್ಚು ಬಿಟ್ಟನೆಂದು ಆಪರೇಟರ್ ಪುಟ್ಟಮಾದಯ್ಯನನ್ನು ಸಸ್ಪೆಂಡ್ ಮಾಡಿದರು. ಟವರನ್ನು ಬಿಚ್ಚದೆ, ಹೊರಗಿನಿಂದಲೇ ಗಾಮಾ ಕಿರಣ ಹಾಯಿಸಿ ಒಳಗಿನ ಚಿತ್ರ ತೆಗೆಯಲು ಎಂಜಿನಿಯರ್ ತಸ್ಲೀಮಾ ಬಂದಳು.

ಚಿತ್ರ ನೋಡಿ ಮ್ಯಾನೇಜರ್ ಮುಖ ಗಂಟಿಕ್ಕಿದ. "ಏನ್ರೀ ಇದು?"

"ಒಳಗೆ ದ್ರವ ಹಂತಹಂತವಾಗಿ ಇಳಿಯೋ ತಟ್ಟೆಗಳಲ್ಲಿ ಮೂರು ಕುಸಿದಿವೆ ಸಾರ್. ದ್ರವ ಕೆಳಗಿಳಿಯೋಕೆ ದಾರಿನೇ ಇಲ್ಲ. ಇದು ಆಪರೇಟರ್ ತಪ್ಪಲ್ಲ, ರಿಪೇರಿ ಮಾಡಿಸದೆ ಬಿಟ್ಟೋರ ತಪ್ಪು."

"ನಿಮ್ಮನ್ನ ಕರೆಸಿದ್ದು ಚಿತ್ರ ತೆಗೆಯೋಕೆ, ತೀರ್ಪು ಕೊಡೋಕಲ್ಲ. ಆಪರೇಟರ್ ತಪ್ಪು ಅಂತ ಬರೀರಿ."

"ಬರೆಯಲ್ಲ."

"ಬರೀದಿದ್ರೆ ಈ ಜಿಲ್ಲೇಲಿ ಇನ್ನೊಂದು ಫ್ಯಾಕ್ಟರಿ ಗೇಟು ನಿಮಗೆ ತೆಗೆಯಲ್ಲ."

"ಬೇಡ ಬಿಡಿ. ಇಪ್ಪತ್ತು ವರ್ಷ ದುಡಿದೋರ ಮೇಲೆ ಸುಳ್ಳು ಹೊರಿಸೋಕೆ ನನ್ನ ಸಹಿ ಸಿಗಲ್ಲ. ಧೈರ್ಯ ಇದ್ರೆ ಅವರೆದುರಿಗೇ ಹೇಳಿ."

ಮ್ಯಾನೇಜರ್ ಬೆಲ್ ಒತ್ತಿದ. ವಿಚಾರಣೆಗೆಂದು ಬಂದು ಹೊರಗೆ ಕೂತಿದ್ದ ಪುಟ್ಟಮಾದಯ್ಯ ಒಳಗೆ ಬಂದು ಬಾಗಿಲ ಬಳಿಯೇ ನಿಂತ. ತಸ್ಲೀಮಾ ಚಿತ್ರವನ್ನು ಅವನ ಮುಂದೆ ಹಿಡಿದಳು.

"ನೋಡಿ ಅಣ್ಣಾ, ತಟ್ಟೆಗಳು ಬಿದ್ದಿರೋದು ಇಲ್ಲಿ ಕಾಣ್ತಿದೆ. ನಿಮ್ಮದೇನೂ ತಪ್ಪಿಲ್ಲ. ಇನ್ನು ಯಾರಿಗೂ ಹೆದರಬೇಡಿ."

ಅವನು ಆ ಕುಸಿದ ಜಾಗವನ್ನೇ ತುಂಬ ಹೊತ್ತು ನೋಡಿದ. ಆಮೇಲೆ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಚಿ ಮ್ಯಾನೇಜರನ ಮೇಜಿನ ಮೇಲಿಟ್ಟ.

"ನನ್ ತಪ್ಪು ಅಂತ್ಲೇ ಬರ್ದ್‌ಬುಡಿ ಕಣವ್ವ," ಅಂದ. "ನನ್ ಮಗಳ್ಗೆ ಇವತ್ ಬೆಳಿಗ್ಗೆ ಸಾಹೇಬ್ರು ಕೆಲ್ಸ ಕೊಟ್ಟವ್ರೆ, ಇದೇ ಟವರಲ್ಲಿ."